ದೂರ ಮತ್ತು ಕಾಲ

ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರು. ಗಂಟೆಗೆ ನಾಲ್ಕು ಕಿಲೋಮೀಟರು ಸಾಗುವ ಎತ್ತಿನ ಗಾಡಿಗೆ ಈ ದೂರವನ್ನು ಕ್ರಮಿಸಲು ಐದು ಗಂಟೆ ಬೇಕು. ಬಸ್ಸಿಗೆ ಅರ್ಧ ಗಂಟೆ ಸಾಕು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ. ಊರಿನಿಂದ ಊರಿಗೆ ಹೋಗುವವರಿಗೆ ಇಷ್ಟು ಲೆಕ್ಕ ಸಾಕು. ಖಂಡದಿಂದ ಖಂಡಕ್ಕೆ ಹೋಗುವವರಿಗೆ ಸಾಲದು.

ಮಳವಳ್ಳಿಯ ಒಂದು ಮನೆಯಲ್ಲಿ ತಾಯಿ ಕಾಯಿಲೆ ಮಲಗಿದ್ದಾಳೆ ಎಂದು ಭಾವಿಸೋಣ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿರುವ ಮಗಳು ಹೊರಟಿದ್ದಾಳೆ. ಅವಳು ಎಂದು ಬಂದು ಸೇರುವಳು? ಇದಕ್ಕೆ ಉತ್ತರ ಹೇಳಬೇಕಾದರೆ ದಾರಿ, ಗಾಳಿ, ಗಡಿಯಾರ ಈ ಮೂರನ್ನೂ ಅರಿತಿರಬೇಕು.

ಮೊದಲನೆಯದು ದಾರಿ. ಭೂಪಟದಲ್ಲಿ ಎರಡು ನಗರಗಳ ನಡುವೆ ಎಳೆದ ಸರಳರೇಖೆ ಅತಿ ಹತ್ತಿರದ ದಾರಿಯಲ್ಲ. ಏಕೆಂದರೆ ಭೂಮಿ ಗೋಳಾಕಾರವಾಗಿದೆ. ಶಾಲೆಯ ಗೋಳದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರವೊಂದನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರದ ಶೀತವಲಯವನ್ನು ಹಾಯ್ದು ಹೋಗುತ್ತದೆ. ಆ ದಾರದ ಅಳತೆಯೇ ಕನಿಷ್ಠ ದೂರ: ಸುಮಾರು 14,000 ಕಿಲೋಮೀಟರು.

ಎರಡನೆಯದು ಗಾಳಿ. ಎದುರುಗಾಳಿ ವಿಮಾನವನ್ನು ತಡೆಯುತ್ತದೆ, ಹಿಂದಿನ ಗಾಳಿ ಮುಂದಕ್ಕೆ ನೂಕುತ್ತದೆ. ಆದುದರಿಂದ ಕೆಲವೊಮ್ಮೆ ತುಸು ಸುತ್ತಿನ ದಾರಿಯೇ ಲಾಭಕರ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ, ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿತು. ಧ್ರುವದ ದಾರಿ ಕನಿಷ್ಠ ದೂರಕ್ಕಿಂತ ಕೊಂಚ ದೀರ್ಘವಾದುದು. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ನಾಲ್ವರು ಮಹಿಳಾ ಚಾಲಕರು. ಪ್ರಯಾಣಕ್ಕೆ ಹಿಡಿದ ಕಾಲ ಸುಮಾರು 17 ಗಂಟೆ. ಮಂಡ್ಯದಿಂದ ಬೆಂಗಳೂರಿನವರೆಗಿನ 100 ಕಿಲೋಮೀಟರಿಗೆ ಎತ್ತಿನ ಗಾಡಿಗೆ 25 ಗಂಟೆ ಬೇಕಾಗುವುದನ್ನು ನೆನೆದರೆ ಈ ವೇಗದ ಹಿರಿಮೆ ತಿಳಿಯುತ್ತದೆ.

ಮೂರನೆಯದು ಗಡಿಯಾರ. ಆ ವಿಮಾನ ಹೊರಟದ್ದು 9ನೆಯ ತಾರೀಖಿನ ರಾತ್ರಿ, ಇಳಿದದ್ದು 11ರ ನಸುಕಿನಲ್ಲಿ. ಹಾಗಾದರೆ ನಡುವಣ 10ನೆಯ ತಾರೀಖು ಎಲ್ಲಿ ಹೋಯಿತು? ಚಳಿಗಾಲದಲ್ಲಿ ಭಾರತದ ಗಡಿಯಾರ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ರಾತ್ರಿ ಎಂಟೂವರೆಯಾದಾಗ ಇಲ್ಲಿ ಮರುದಿನ ಬೆಳಗಿನ ಹತ್ತು. ಅದಕ್ಕೆ 17 ಗಂಟೆ ಕೂಡಿಸಿದರೆ ಅದರ ಮರುದಿನ ನಸುಕಿನ ಮೂರು. ದಿನ ಕಳೆದುಹೋಗಿಲ್ಲ; ಲೆಕ್ಕದೊಳಗೇ ಇದೆ.

ಮಗಳು ದೇವನಹಳ್ಳಿಯ ಬಳಿ ಇಳಿದ ಮೇಲೂ ಬೆಂಗಳೂರನ್ನು ದಾಟಿ, ಮದ್ದೂರಿನ ಮೂಲಕ ಮಳವಳ್ಳಿ ಸೇರಲು ಇನ್ನೂ ಕೆಲವು ಗಂಟೆ ಬೇಕು. ಈ ಲೆಕ್ಕ ಬಲ್ಲವರು ಮನೆಯಲ್ಲಿದ್ದರೆ ಒಂದು ದಿನ ಮೊದಲೇ ಬಾಗಿಲು ನೋಡುತ್ತ ಕುಳಿತು ಕಳವಳಪಡಬೇಕಾಗುವುದಿಲ್ಲ. ವಿಜ್ಞಾನವು ದೂರವನ್ನು ಇಲ್ಲವಾಗಿಸಿಲ್ಲ. ಕಾಯುವವರಿಗೆ ಕಾಲವನ್ನು ಖಚಿತವಾಗಿ ಹೇಳುವ ಶಕ್ತಿಯನ್ನು ಕೊಟ್ಟಿದೆ.