ಪುನರ್ಪುಳಿ ಬೀಜ, ಸಿಪ್ಪೆ ಎಸೆಯುವ ಮುನ್ನ

ಕಾಸರಗೋಡಿನ ಸದಸ್ಯರಿಗೆ ಪುನರ್ಪುಳಿ, ಗೋವಾ ಕಡೆಯವರಿಗೆ ಮುರುಗಲು ಇಲ್ಲವೆ ಭಿರಂಡ್, ಸೊಲ್ಲಾಪುರದ ಅಂಗಡಿಯಲ್ಲಿ ಕೋಕಂ. ಹೆಸರು ಬೇರೆ, ಹಣ್ಣು ಒಂದೇ. ಏಪ್ರಿಲ್–ಮೇ ತಿಂಗಳಲ್ಲಿ ಸಿಪ್ಪೆಯನ್ನು ಶರಬತ್ತಿಗೋ ಸಾರಿಗೋ ಇಟ್ಟುಕೊಂಡು ಬೀಜವನ್ನು ತೋಟದ ಬದಿಗೆ ಸುರಿಯುವುದು, ಸಕ್ಕರೆಯಲ್ಲಿ ರಸ ಬಿಟ್ಟ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕುವುದು ವಾಡಿಕೆ. ಇವೆರಡರಿಂದಲೂ ಚರ್ಮದ ಆರೈಕೆಗೆ, ಆಹಾರಕ್ಕೆ ಬೇಕಾಗುವ ಪದಾರ್ಥ ದೊರೆಯುತ್ತದೆ. ಈ ಬಗ್ಗೆ ಕೆಲವು ಸದಸ್ಯರು ಕೇಳಿದ್ದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಬೀಜ. ಅದರ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬು. ತಿರುಳನ್ನು ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ. ಇದೇ ಮುರುಗಲ ತುಪ್ಪ. ಹಿಮ್ಮಡಿ ಒಡೆದರೆ ನಮ್ಮ ಅಜ್ಜಿಯಂದಿರು ಹಚ್ಚುತ್ತಿದ್ದುದು ಇದನ್ನೇ. ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗದೆ ನಿಲ್ಲುವುದರಿಂದ ಕ್ರೀಮು, ತುಟಿಯ ಮುಲಾಮು ಮಾಡುವವರಿಗೆ ಬೇಕು. ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲಿಗೂ ಬಳಸುತ್ತಾರೆ.

ಆದರೆ ಆಂಟಿಆಕ್ಸಿಡೆಂಟ್ ಎಂದು ಈಗ ಎಲ್ಲರೂ ಹೇಳುವ ಗುಣ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಹಳೆ ಎಣ್ಣೆ ಕಮಟುವುದು ಗಾಳಿಯ ಆಮ್ಲಜನಕದಿಂದ. ಅದನ್ನು ತಡೆಯುವ ವಸ್ತುಗಳೇ ಇವು. ಪುನರ್ಪುಳಿಯ ಕೆಂಪು ಬಣ್ಣ ಆಂಥೋಸಯನಿನ್. ನೀರಿನಲ್ಲಿ ಕರಗುತ್ತದೆ, ಹುಳಿಯಲ್ಲಿ ಕೆಂಪಾಗಿ ನಿಲ್ಲುತ್ತದೆ, ಬಿಸಿ ಮತ್ತು ಬೆಳಕಿಗೆ ಮಂಕಾಗುತ್ತದೆ. ಇನ್ನೊಂದು ಗಾರ್ಸಿನಾಲ್, ಹಳದಿ ಬಣ್ಣದ್ದು. ಅದು ನೀರಿನಲ್ಲಿ ಕರಗುವುದು ಕಡಿಮೆಯಾದ್ದರಿಂದ ಶರಬತ್ತು ಇಳಿಸಿದ ಮೇಲೂ ಸಿಪ್ಪೆಯಲ್ಲಿ ಉಳಿದಿರುತ್ತದೆ. ಈ ಹಣ್ಣಿನ ಬಣ್ಣದ ಬಗ್ಗೆ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಸಂಶೋಧನೆ ನಡೆದಿದೆ.

ಗಾರ್ಸಿನಾಲ್ ತೆಗೆಯಲು ಆಲ್ಕೋಹಾಲ್‌ನಂಥ ದ್ರಾವಕ ಬೇಕು. ಅದು ಕಾರ್ಖಾನೆಯ ಕೆಲಸ, ಮನೆಯಲ್ಲಿ ಕೈಹಾಕುವುದು ಬೇಡ. ನಮ್ಮಿಂದ ಆಗುವುದು ಒಣಗಿಸುವುದು. ಅದೇ ಮುಖ್ಯ ಕೆಲಸವೂ ಹೌದು. ಬೀಜಕ್ಕಂಟಿದ ಲೋಳೆಯನ್ನು ತೊಳೆದು, ಅಲುಗಾಡಿಸಿದರೆ ಖಣಖಣ ಎನ್ನುವವರೆಗೆ ಒಣಗಿಸಬೇಕು. ಹಸಿಯಾಗಿ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುತ್ತದೆ, ಕೊಬ್ಬು ಕಮಟುತ್ತದೆ. ಆಮೇಲೆ ಯಾರೂ ಕೊಳ್ಳುವುದಿಲ್ಲ. ಮಳೆ ಹಿಡಿಯುವ ಮೊದಲು ಇದು ಮುಗಿಯಬೇಕಾದ್ದರಿಂದ ಸಮಯ ಕಡಿಮೆ.

ಒಂದು ಎಚ್ಚರಿಕೆ. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಕಂಡದ್ದೆಲ್ಲ ಮುಖದ ಮೇಲೆ ನಡೆಯುತ್ತದೆಂದಲ್ಲ. ಸುಕ್ಕು ಹೋಗುತ್ತದೆ, ತೂಕ ಇಳಿಯುತ್ತದೆ ಎಂದು ಚೀಟಿ ಅಂಟಿಸಿ ಮಾರುವುದಕ್ಕೆ ಸಂಘದ ಹೆಸರು ಬಳಸಬಾರದು. ಮನೆಗೆ ಮಾಡಿಕೊಂಡರೆ ತೊಂದರೆಯಿಲ್ಲ. ಮಾರಲು ಕ್ರೀಮು ತಯಾರಿಸುವುದಾದರೆ ಆಯಾ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ, ಆಹಾರವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆಹಾರದ ಪೊಟ್ಟಣದ ಮೇಲೆ ಇಂಗ್ಲಿಷ್ ಅಥವಾ ಹಿಂದಿ ಕಡ್ಡಾಯ. ಜೊತೆಗೆ ಕನ್ನಡವನ್ನೂ ಮುದ್ರಿಸಬಹುದು. ಯಾವ ರಾಜ್ಯದಲ್ಲಿದ್ದರೂ ಇದಕ್ಕೆ ಅಡ್ಡಿಯಿಲ್ಲ, ಯಾರಾದರೂ ಬೇಡವೆಂದರೆ ಒಪ್ಪಬೇಡಿ.

ಒಂದೊಂದು ಮನೆಯ ಐದಾರು ಕಿಲೋ ಬೀಜಕ್ಕೆ ವ್ಯಾಪಾರಿ ಬರುವುದಿಲ್ಲ, ಬಂದರೂ ಅವನು ಹೇಳಿದ್ದೇ ದರ. ಊರಿನವರದ್ದೆಲ್ಲ ಒಟ್ಟುಗೂಡಿಸಿದರೆ ನಾವೇ ದರ ಕೇಳಬಹುದು. ಆದ್ದರಿಂದ ಬೀಜ ಒಣಗಿಸಿಟ್ಟವರು ತಮ್ಮ ಊರು ಮತ್ತು ಅಂದಾಜು ತೂಕವನ್ನು ಮೇ ಕೊನೆಯೊಳಗೆ ಕಾರ್ಯಾಲಯಕ್ಕೆ ತಿಳಿಸಿ.