ದೋಷ ಹುಡುಕುವ ಸ್ವಯಂಸೇವಕರು

ಹೊಸ ಯಂತ್ರವೊಂದು ಕಾರ್ಖಾನೆಯಿಂದ ಹೊರಬೀಳುವ ಮುನ್ನ ಅದನ್ನು ಓಡಿಸಿ, ಕಾಯಿಸಿ, ಭಾರ ಹೇರಿ ಪರೀಕ್ಷಿಸಲು ಸಂಬಳದ ನೌಕರರಿರುವುದು ಎಲ್ಲರೂ ಬಲ್ಲ ಸಂಗತಿ. ಕಂಪ್ಯೂಟರನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯೂ ಒಂದು ಬಗೆಯ ಯಂತ್ರವೇ; ಕಬ್ಬಿಣದ ಬದಲು ಬರಹದಿಂದ ಕಟ್ಟಿದ ಯಂತ್ರ. ಕೀಲಿಮಣೆಯ ಒತ್ತನ್ನು ಅಕ್ಷರವಾಗಿಸಿ ತೆರೆಗೆ ತರುವುದು, ಕಡತಗಳನ್ನು ಜೋಪಾನವಾಗಿಡುವುದು, ಒಂದು ಕೆಲಸವು ಇನ್ನೊಂದಕ್ಕೆ ಅಡ್ಡ ಬಾರದಂತೆ ನೋಡಿಕೊಳ್ಳುವುದು, ಇವೆಲ್ಲ ಅದರ ಹೊಣೆ. ಇಂಥ ಯಂತ್ರವನ್ನು ಕಾರ್ಖಾನೆಯ ಹಂಗಿಲ್ಲದೆ, ಜಗತ್ತಿನ ಮೂಲೆಮೂಲೆಗಳಲ್ಲಿ ಕುಳಿತ ಜನರು ಸ್ವಂತ ಇಚ್ಛೆಯಿಂದ ಕಟ್ಟಿದರೆ ಅದನ್ನು ಪರೀಕ್ಷಿಸುವವರಾರು?

ಡೆಬಿಯನ್ ಎಂಬ ಯೋಜನೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ತಿರುಳನ್ನು ಪ್ರಕಟಿಸಿದ್ದರು. ಅದರ ಸುತ್ತ ಬೇಕಾದ ಉಪಕರಣಗಳನ್ನೆಲ್ಲ ಹೊಂದಿಸಿ ಒಂದು ಪೂರ್ಣ ವ್ಯವಸ್ಥೆಯನ್ನು ಕಟ್ಟಬೇಕೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಅವರು 1993ರ ಆಗಸ್ಟಿನಲ್ಲಿ ಘೋಷಿಸಿದರು. ತಮ್ಮ ಹೆಸರಿಗೆ ಗೆಳತಿ ಡೆಬ್ರಾ ಅವರ ಹೆಸರನ್ನು ಜೋಡಿಸಿದ್ದರಿಂದ ‘ಡೆಬಿಯನ್’ ಆಯಿತು. 2025ರ ಆಗಸ್ಟಿನಲ್ಲಿ ಹೊರಬಂದ ಅದರ 13ನೆಯ ಆವೃತ್ತಿಯಲ್ಲಿ ಸುಮಾರು 70,000 ಪ್ಯಾಕೇಜುಗಳಿದ್ದುವು. ಬಳಸಲು ಅಣಿಯಾಗುವಂತೆ ಕಟ್ಟಿಟ್ಟ ತಂತ್ರಾಂಶದ ಒಂದೊಂದು ಘಟಕಕ್ಕೆ ಪ್ಯಾಕೇಜು ಎಂದು ಹೆಸರು. ಇವುಗಳನ್ನು ನೋಡಿಕೊಳ್ಳುವವರಲ್ಲಿ ಕೆಲವರಿಗೆ ಅವರವರ ಕಂಪೆನಿಗಳು ವೇತನ ಕೊಡುವುದುಂಟು. ಆದರೂ ಯೋಜನೆ ನಿಂತಿರುವುದು ಸ್ವಯಂಸೇವಕರ ಹೆಗಲ ಮೇಲೆ.

ಈ ಜನರು 1997ರಲ್ಲಿ ತಮ್ಮ ಬಳಕೆದಾರರಿಗೆ ಒಂದು ವಚನಪತ್ರ ಬರೆದುಕೊಟ್ಟರು. ತಮ್ಮಲ್ಲಿರುವ ದೋಷಗಳನ್ನು ಮರೆಮಾಚುವುದಿಲ್ಲವೆಂಬುದು ಅದರ ಒಂದು ಷರತ್ತು. ಸರಕು ಮಾರುವವನು ಸಾಮಾನ್ಯವಾಗಿ ಕೊಡದ ಮಾತು ಇದು! ಅದರಂತೆ ದೂರುಗಳ ದಫ್ತರವೊಂದು ಸದಾ ತೆರೆದಿರುತ್ತದೆ. ಯಾರು ಬೇಕಾದರೂ ಮಿಂಚಂಚೆಯಲ್ಲಿ ದೂರು ಬರೆಯಬಹುದು, ಯಾರು ಬೇಕಾದರೂ ಓದಬಹುದು. ಪ್ರತಿ ದೂರಿಗೂ ಒಂದು ಸಂಖ್ಯೆ. ಅದರ ಮೇಲೆ ನಡೆದ ಮಾತುಕತೆಯೆಲ್ಲ ಆ ಸಂಖ್ಯೆಯಡಿ ಶಾಶ್ವತವಾಗಿ ಉಳಿಯುತ್ತದೆ. ಬಿಡುಗಡೆಯನ್ನೇ ತಡೆಯಬಲ್ಲ ಘೋರ ದೋಷದಿಂದ ಹಿಡಿದು ‘ಹೀಗಿದ್ದರೆ ಚೆನ್ನ’ ಎಂಬ ಬರಿಯ ಹಾರೈಕೆಯವರೆಗೆ ದೂರುಗಳಿಗೆ ದರ್ಜೆಗಳೂ ಉಂಟು.

ಹೊಸ ಪ್ಯಾಕೇಜು ನೇರವಾಗಿ ಎಲ್ಲರ ಕೈಗೆ ಹೋಗುವುದಿಲ್ಲ. ಮೊದಲು ಅದು ‘ಅಸ್ಥಿರ’ ಎಂಬ ಅಂಗಳಕ್ಕೆ ಬರುತ್ತದೆ. ಈ ಅಂಗಳದ ಅಡ್ಡಹೆಸರು ಸಿಡ್. ‘ಟಾಯ್ ಸ್ಟೋರಿ’ ಎಂಬ ಚಲನಚಿತ್ರದಲ್ಲಿ ಆಟಿಕೆಗಳನ್ನು ಮುರಿದು ಹಾಕುವ ತುಂಟ ಹುಡುಗನ ಹೆಸರು ಅದು. ಗೊತ್ತಿದ್ದೂ ಗೊತ್ತಿದ್ದೂ ಇದನ್ನೇ ತಮ್ಮ ನಿತ್ಯದ ಕೆಲಸಕ್ಕೆ ಬಳಸುವವರುಂಟು. ನಾವು ಮೇಲೆ ಕೇಳಿದ ಪರೀಕ್ಷಕರು ಇವರೇ. ಸಾಮಾನ್ಯವಾಗಿ 2ರಿಂದ 10 ದಿನಗಳವರೆಗೆ ಅಲ್ಲಿ ಘೋರ ದೋಷವೇನೂ ಹೊಸದಾಗಿ ಕಾಣದಿದ್ದರೆ ಪ್ಯಾಕೇಜು ‘ಪರೀಕ್ಷೆ’ ಎಂಬ ಎರಡನೆಯ ಅಂಗಳಕ್ಕೆ ದಾಟುತ್ತದೆ. ಸುಮಾರು ಎರಡು ವರ್ಷಗಳಿಗೊಮ್ಮೆ ಈ ಅಂಗಳದ ಬಾಗಿಲು ಹಾಕಿ, ಹೊಸದೇನನ್ನೂ ಒಳಬಿಡದೆ, ಇದ್ದ ದೋಷಗಳನ್ನು ತೀರಿಸಿ, ‘ಸ್ಥಿರ’ ಆವೃತ್ತಿಯೆಂದು ಬಿಡುಗಡೆ ಮಾಡುತ್ತಾರೆ. ಆ ಮುನ್ನಿನ ತಿಂಗಳುಗಳಲ್ಲಿ ವಾರದ ಕೊನೆಗೆ ಯಾವುದಾದರೂ ಊರಿನಲ್ಲಿ ಕಲೆತು, ಊಟ ತಿಂಡಿಗಳ ನಡುವೆ ದೋಷಗಳನ್ನು ಬೇಟೆಯಾಡುವುದೂ ಇವರ ಸಂಪ್ರದಾಯ. ಇವರ ವಾರ್ಷಿಕ ಸಮ್ಮೇಳನ 2023ರ ಸೆಪ್ಟೆಂಬರಿನಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲಿಯೇ ನೆರೆದಿತ್ತು.

ದೂರು ಬರೆಯುವುದೂ ಒಂದು ವಿದ್ಯೆ. ‘ಕೆಟ್ಟುಹೋಗಿದೆ, ಸರಿಮಾಡಿರಿ’ ಎಂದರೆ ಯಾರಿಗೂ ಉಪಯೋಗವಿಲ್ಲ. ಡೆಬಿಯನ್ನನ್ನು ಕಂಪ್ಯೂಟರಿನಲ್ಲಿ ನೆಲೆಗೊಳಿಸುವ ಕಾರ್ಯಕ್ರಮವು ಕನ್ನಡದಲ್ಲಿಯೂ ಮಾತನಾಡಬಲ್ಲುದು. ಆದರೆ ಅದರ ಚಿತ್ರರೂಪದಲ್ಲಿ ಮಾತ್ರ. ಒತ್ತಕ್ಷರಗಳನ್ನು ಪೋಣಿಸುವುದು ಬರಿಯ ಅಕ್ಷರಸಾಲಿನ ರೂಪಕ್ಕೆ ಸಾಧ್ಯವಿಲ್ಲ. ಅಲ್ಲೊಂದು ಕಡೆ ‘ಕಾರ್ಯ’ ಎಂಬ ಮಾತಿನ ಅರ್ಕಾವೊತ್ತು ಸ್ಥಾನ ತಪ್ಪಿ ಕೂತಿದೆಯೆಂದು ಭಾವಿಸೋಣ. ಜರ್ಮನಿಯ ಪಂಡಿತನ ಕಣ್ಣಿಗೆ ಅದು ಬೀಳುವುದೇ? ಕನ್ನಡ ಓದಬಲ್ಲ ಹೈಸ್ಕೂಲಿನ ಹುಡುಗಿಗೆ ತಟ್ಟನೆ ಕಾಣುತ್ತದೆ. ಯಾವ ಆವೃತ್ತಿ, ತಾನು ಏನು ಮಾಡಿದಳು, ಏನಾಗಬೇಕಿತ್ತು, ಏನಾಯಿತು, ಮತ್ತೆ ಮಾಡಿದರೂ ಹಾಗೆಯೇ ಆಗುವುದೋ, ಇಷ್ಟನ್ನು ಅವಳು ಬರೆದರೆ ದೂರದ ಅಪರಿಚಿತನೊಬ್ಬನು ಅದೇ ದೋಷವನ್ನು ತನ್ನ ಯಂತ್ರದಲ್ಲಿ ಮರಳಿ ಹುಟ್ಟಿಸಬಲ್ಲನು. ಮರಳಿ ಹುಟ್ಟಿಸಲು ಬರುವ ದೋಷ ಅರ್ಧ ವಾಸಿಯಾದಂತೆಯೇ. ಎಲ್ಲ ದೂರಿಗೂ ಮರ್ಯಾದೆಯ ಉತ್ತರ ಬರುವುದೆಂದು ಮಾತ್ರ ನಾವು ಹೇಳಲಾರೆವು. ವರ್ಷಗಟ್ಟಲೆ ಬಿದ್ದಿರುವ ದೂರುಗಳಿವೆ. ದಣಿದ ಪಾಲಕರು ಸಿಡುಕುವುದೂ ಉಂಟು.

ಹಲವು ಕಣ್ಣುಗಳು ನೋಡಿದರೆ ದೋಷ ಅಡಗಿರಲಾರದೆಂಬ ಮಾತು ಈ ವಲಯದಲ್ಲಿ ಪ್ರಸಿದ್ಧ. ಅದು ಪೂರ್ಣ ಸತ್ಯವಲ್ಲವೆಂಬುದಕ್ಕೆ ಡೆಬಿಯನ್ನಿನ ಚರಿತ್ರೆಯೇ ಸಾಕ್ಷಿ. ನೆನಪಿನ ಕೋಶಗಳ ದುರ್ಬಳಕೆಯನ್ನು ಪತ್ತೆಹಚ್ಚುವ ವಾಲ್‌ಗ್ರಿಂಡ್ ಎಂಬ ಉಪಕರಣವೊಂದಿದೆ. ಗುಪ್ತಲಿಪಿಯ ಒಂದು ಪ್ಯಾಕೇಜಿನ ಮೇಲೆ ಅದು ಆಕ್ಷೇಪವೆತ್ತಿತೆಂದು 2006ರಲ್ಲಿ ಆಕ್ಷೇಪಕ್ಕೆ ಕಾರಣವಾದ ಸಾಲುಗಳನ್ನೇ ತೆಗೆದುಹಾಕಲಾಯಿತು. ಆಕ್ಷೇಪ ನಿಂತಿತು. ಆದರೆ ಗುಪ್ತ ಕೀಲಿಗಳನ್ನು ಊಹೆಗೆ ನಿಲುಕದಂತೆ ಮಾಡುತ್ತಿದ್ದ ಸಾಲುಗಳೂ ಅವೇ ಆಗಿದ್ದುವು. ಎಣಿಕೆಗೆ ಸಿಗದಷ್ಟು ಇರಬೇಕಾದ ಕೀಲಿಗಳು ಪ್ರತಿ ಅಳತೆಗೂ ಕೇವಲ 32,767ಕ್ಕೆ ಇಳಿದುವು! ಸ್ಥಿರ ಆವೃತ್ತಿಯೊಳಕ್ಕೂ ಹೊಕ್ಕ ಈ ದೋಷವನ್ನು ಕಂಡುಹಿಡಿದು ಪ್ರಕಟಿಸಿದ್ದು 2008ರ ಮೇ ತಿಂಗಳಲ್ಲಿ. ಅಷ್ಟರವರೆಗೆ ನೋಡುವ ಕಣ್ಣುಗಳಿಗೇನೂ ಕೊರತೆಯಿರಲಿಲ್ಲ.

2024ರಲ್ಲಿ ಒದಗಿದ ಗಂಡಾಂತರದ ಜಾತಿಯೇ ಬೇರೆ. ಅದು ಬೇಕೆಂದೇ ಇಟ್ಟ ವಿಷ. ಕಡತಗಳನ್ನು ಅಡಕಗೊಳಿಸುವ ‘ಎಕ್ಸ್‌ಝಡ್’ ಎಂಬ ಉಪಕರಣವನ್ನು ಬಹುಕಾಲ ಒಬ್ಬನೇ ಸ್ವಯಂಸೇವಕರು ಪಾಲಿಸುತ್ತಿದ್ದರು. ಜಿಯಾ ಟಾನ್ ಎಂದು ಹೆಸರು ಹೇಳಿಕೊಂಡವನೊಬ್ಬನು 2021ರಿಂದ ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳಿಸುತ್ತ ವಿಶ್ವಾಸ ಗಳಿಸಿದನು. ಕೆಲಸ ನಿಧಾನವಾಯಿತೆಂದು ಬೇರೆ ಹೆಸರಿನವರು ದಣಿದ ಪಾಲಕರನ್ನು ಪೀಡಿಸಿದರು; ಕೊನೆಗೆ ಅಧಿಕಾರದಲ್ಲಿ ಪಾಲು ಆತನಿಗೆ ದೊರೆಯಿತು. 2024ರ ಫೆಬ್ರವರಿಯಲ್ಲಿ ಹೊರಬಂದ 5.6.0 ಆವೃತ್ತಿಯಲ್ಲಿ ಆತನು ಕಳ್ಳದಾರಿಯೊಂದನ್ನು ಅಡಗಿಸಿದ್ದನು. ದೂರದಿಂದ ಕಂಪ್ಯೂಟರಿನೊಳಕ್ಕೆ ಬರುವವರನ್ನು ತಡೆದು ವಿಚಾರಿಸುವ ದ್ವಾರಪಾಲಕ ಕಾರ್ಯಕ್ರಮವೊಂದುಂಟು. ಗುಪ್ತ ಕೀಲಿಯುಳ್ಳವನು ಅದನ್ನು ವಂಚಿಸಿ ಒಳಗೆ ತನಗೆ ಬೇಕಾದುದನ್ನು ನಡೆಸಬಹುದಾಗಿತ್ತು. ಆತನು ವಿಷವನ್ನು ಅಡಗಿಸಿದ್ದು ಎಲ್ಲಿ? ಉಪಕರಣವನ್ನು ಪರೀಕ್ಷಿಸಲೆಂದು ಇಡುವ ಮಾದರಿ ಕಡತಗಳಲ್ಲಿ! ಅಂಥವು ಕೆಲವು ಬೇಕೆಂದೇ ಕೆಡಿಸಿದ ಕಡತಗಳಾಗಿರುತ್ತವೆ; ಅವುಗಳ ಒಳಗನ್ನು ಯಾರೂ ಓದುವುದಿಲ್ಲ.

ಪ್ಯಾಕೇಜು ಅಸ್ಥಿರ ಅಂಗಳಕ್ಕೆ ಬಂತು, ಪರೀಕ್ಷೆಯ ಅಂಗಳಕ್ಕೂ ದಾಟಿತು. ಆ ವೇಳೆಗೆ ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರು ಸಿಡ್ ಇದ್ದ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಎಂಬ ದತ್ತಸಂಗ್ರಹದ ವೇಗವನ್ನು ಅಳೆಯುತ್ತಿದ್ದರು. ಅಳತೆ ನಿಖರವಾಗಬೇಕಾದರೆ ಯಂತ್ರದಲ್ಲಿ ಬೇರೆ ಗದ್ದಲವಿರಬಾರದು. ಆದರೆ ದ್ವಾರಪಾಲಕನು ಅಕಾರಣವಾಗಿ ದುಡಿಯುತ್ತಿದ್ದನು. ಸುಮಾರು 0.3 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಪ್ರವೇಶ ಈಗ 0.8 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅರ್ಧ ಸೆಕೆಂಡಿನ ವ್ಯತ್ಯಾಸ! ನಾವಾಗಿದ್ದರೆ ಅದನ್ನು ಗಮನಿಸುತ್ತಿದ್ದೆವೇ ಎಂಬುದು ಸಂದೇಹ. ಕೆಲವು ವಾರಗಳ ಹಿಂದೆ ಪ್ಯಾಕೇಜುಗಳನ್ನು ಹೊಸದುಮಾಡಿದ ಮೇಲೆ ವಾಲ್‌ಗ್ರಿಂಡ್ ಎತ್ತಿದ್ದ ವಿಚಿತ್ರ ಆಕ್ಷೇಪವೂ ಅವರ ನೆನಪಿಗೆ ಬಂತು. 2006ರಲ್ಲಿ ಬಾಯಿ ಮುಚ್ಚಿಸಲ್ಪಟ್ಟ ಉಪಕರಣವೇ ಇದು. ಈ ಸಲವೂ ಅದರ ಬಾಯಿ ಮುಚ್ಚಿಸುವ ಯತ್ನ ನಡೆದಿತ್ತು: ಆಕ್ಷೇಪಗಳು ಹೆಚ್ಚುತ್ತಲೇ ಜಿಯಾ ಟಾನನು 5.6.1 ಆವೃತ್ತಿಯನ್ನು ಹೊರತಂದು ಅವನ್ನು ನಿಲ್ಲಿಸಲು ಹೊರಟಿದ್ದನು.

ಫ್ರೌಂಡ್ ಅವರು ಎಳೆ ಹಿಡಿದು ಹೊರಟು, ಮೊದಲು ಡೆಬಿಯನ್ನಿನ ರಕ್ಷಣಾ ತಂಡಕ್ಕೆ ತಿಳಿಸಿ, ಮಾರ್ಚ್ 29ರಂದು ಜಗತ್ತಿಗೆಲ್ಲ ಬಯಲುಮಾಡಿದರು. ವಿಷವಿನ್ನೂ ‘ಸ್ಥಿರ’ ಅಂಗಳವನ್ನು ಮುಟ್ಟಿರಲಿಲ್ಲ. ಅದನ್ನು ಬಳಸುತ್ತಿದ್ದವರು ಏನನ್ನೂ ಮಾಡಬೇಕಾಗಿರಲಿಲ್ಲ. ಸಿಡ್ ಬಳಸುತ್ತಿದ್ದವರಲ್ಲಿ ಕೆಲವರು ಮಾತ್ರ ತಮ್ಮ ಯಂತ್ರಗಳನ್ನು ಪೂರ್ತಿ ಒರಸಿ ಮೊದಲಿನಿಂದ ಕಟ್ಟಿಕೊಂಡರು. ಜಿಯಾ ಟಾನನು ಯಾರೆಂಬುದು ಬಯಲಾಗಲಿಲ್ಲ. ದಣಿದಿದ್ದ ಮೊದಲಿನ ಪಾಲಕರು ಮರಳಿ ಬಂದು ಬರಹವನ್ನು ಶೋಧಿಸಿ, ಕಳ್ಳದಾರಿಯನ್ನು ಕಿತ್ತುಹಾಕಿ, ಅದೇ ವರ್ಷ ಮೇ ತಿಂಗಳ ಕೊನೆಯಲ್ಲಿ 5.6.2 ಆವೃತ್ತಿಯನ್ನು ಹೊರತಂದರು.