ಒಡೆಯದ ಮೊಟ್ಟೆಗೆ ಅರ್ಧ ಗಂಟೆ

ನಾಲ್ಕು ಜನರ ತಂಡ. ಮೇಜಿನ ಮೇಲೆ ಒಂದು ಕೋಳಿಮೊಟ್ಟೆ, ಹಳೆಯ ರಟ್ಟಿನ ಪೆಟ್ಟಿಗೆ, ಒಂದಿಷ್ಟು ಹಳೆ ಪೇಪರು, ಟೇಪು, ಕತ್ತರಿ. ಅರ್ಧ ಗಂಟೆಯೊಳಗೆ ಮೊಟ್ಟೆಗೊಂದು ಪ್ಯಾಕಿಂಗ್ ತಯಾರಾಗಬೇಕು. ಮೊದಲ ಮಹಡಿಯಿಂದ ಅದನ್ನು ಕೆಳಕ್ಕೆ ಬಿಟ್ಟರೆ ಒಳಗಿನ ಮೊಟ್ಟೆ ಒಡೆಯಬಾರದು. ಶಾಲೆಯ ವಿಜ್ಞಾನ ದಿನದಿಂದ ಎಂಜಿನಿಯರಿಂಗ್ ಕಾಲೇಜಿನ ಉತ್ಸವದವರೆಗೆ ಎಲ್ಲ ಕಡೆ ನಡೆಯುವ ಸ್ಪರ್ಧೆಯಿದು. ಬೆಂಗಳೂರಿನ ರಾಜಾಜಿನಗರದಲ್ಲಿ ಇದಕ್ಕೆ ಬೇಕಾದದ್ದೆಲ್ಲ ಕೈಗೆಟಕುವಷ್ಟು ಹತ್ತಿರ: ಮೂವತ್ತು–ನಲವತ್ತರ ಸೈಟಿನ ಮನೆಗಳ ಬಾಲ್ಕನಿ, ಗುಜರಿ ಅಂಗಡಿಯ ರಟ್ಟು, ರಸ್ತೆ ತುದಿಯ ಅಂಗಡಿಯ ಮೊಟ್ಟೆ. ಇಷ್ಟು ಸಣ್ಣ ಆಟದಲ್ಲಿ ಎರಡು ವಿಜ್ಞಾನಗಳು ಒಟ್ಟಿಗೆ ಸೇರಿಕೊಂಡಿವೆ. ಒಂದು ವಸ್ತುಗಳದ್ದು, ಇನ್ನೊಂದು ಒಟ್ಟಿಗೆ ಕೆಲಸ ಮಾಡುವ ಮನುಷ್ಯರದ್ದು.

ಮೊದಲು ಮೊಟ್ಟೆಯ ಕಷ್ಟವನ್ನು ನೋಡೋಣ. ಮೂರು ಮೀಟರ್ ಎತ್ತರದಿಂದ ಬಿದ್ದ ಮೊಟ್ಟೆ ಮುಕ್ಕಾಲು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಮೊಟ್ಟೆಗೆ ಅಪಾಯ ಬರುವುದು ವೇಗದಿಂದಲ್ಲ, ಆ ವೇಗ ಎಷ್ಟು ದೂರದೊಳಗೆ ಸೊನ್ನೆಯಾಗಬೇಕು ಎಂಬುದರಿಂದ. 60 ಗ್ರಾಂ ತೂಗುವ ಮೊಟ್ಟೆ ಗಟ್ಟಿ ನೆಲಕ್ಕೆ ಬಿದ್ದು ಎರಡು ಮಿಲಿಮೀಟರಿನಲ್ಲಿ ನಿಲ್ಲಬೇಕಾದರೆ ಅದರ ಮೇಲೆ ಸರಾಸರಿ 880 ನ್ಯೂಟನ್ ಬಲ ಬೀಳುತ್ತದೆ, ಅಂದರೆ ತೊಂಬತ್ತು ಕಿಲೋ ಭಾರ ಹೇರಿದಷ್ಟು. ಅದೇ ಮೊಟ್ಟೆ ಐದು ಸೆಂಟಿಮೀಟರ್ ದೂರದಲ್ಲಿ ನಿಧಾನವಾಗಿ ನಿಂತರೆ ಬಲ 35 ನ್ಯೂಟನ್‌ಗೆ, ಮೂರೂವರೆ ಕಿಲೋ ಭಾರಕ್ಕೆ ಇಳಿಯುತ್ತದೆ. ಕೋಳಿಮೊಟ್ಟೆಯ ಚಿಪ್ಪು ಸುಮಾರು 45 ನ್ಯೂಟನ್ ತಡೆದೀತು. ಇವೆಲ್ಲ ಸರಾಸರಿ ಲೆಕ್ಕ, ಹೊಡೆತದ ತುತ್ತತುದಿಯಲ್ಲಿ ಬಲ ಇದಕ್ಕಿಂತ ಹೆಚ್ಚಿರುತ್ತದೆ. ಹಾಗಾಗಿ ಎಂಟು ಹತ್ತು ಸೆಂಟಿಮೀಟರ್ ಕುಸಿಯಬಲ್ಲ ಮೆತ್ತೆ ಇದ್ದರೆ ಕ್ಷೇಮ.

ಕುಸಿಯಬಲ್ಲ ಎಂಬ ಮಾತೇ ಇಲ್ಲಿ ಮುಖ್ಯ. ರಟ್ಟಿನ ಪೆಟ್ಟಿಗೆಯ ಅಂಚನ್ನು ಬ್ಲೇಡಿನಿಂದ ಸೀಳಿ ಬೆಳಕಿಗೆ ಹಿಡಿಯಿರಿ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆ ಅಲೆಯಾಗಿ ಮಡಿಚಿದ ಇನ್ನೊಂದು ಹಾಳೆ ಕಾಣುತ್ತದೆ. ಪೆಟ್ಟಿಗೆ ಮಾಡುವವರು ಇದಕ್ಕೆ ಮೂರು ಪ್ಲೈ ಎನ್ನುತ್ತಾರೆ. ಅಲೆಗಳು ನೆಟ್ಟಗೆ ನಿಲ್ಲುವಂತೆ ಪೆಟ್ಟಿಗೆ ಕಟ್ಟಿದರೆ ಮೇಲಿನ ಭಾರವನ್ನು ಹೊರುತ್ತವೆ. ಅಡ್ಡಡ್ಡ ಹೊಡೆತ ಬಿದ್ದರೆ ಜಜ್ಜಿಹೋಗುತ್ತವೆ, ಜಜ್ಜಿಹೋಗುವಾಗ ಹೊಡೆತದ ಶಕ್ತಿಯನ್ನು ತಾವು ನುಂಗುತ್ತವೆ. ಒಮ್ಮೆ ಜಜ್ಜಿದ ಅಲೆ ಮತ್ತೆ ಏಳುವುದಿಲ್ಲ. ಒಂದು ಸಲ ಬಿದ್ದ ಪೆಟ್ಟಿಗೆ ನೋಡಲು ಚೆನ್ನಾಗಿದ್ದರೂ ಎರಡನೇ ಸಲ ಅಷ್ಟೇ ಕಾಪಾಡುತ್ತದೆಂದು ನಂಬುವಂತಿಲ್ಲ. ಅಪೋಲೋ 11ರ ಲ್ಯಾಂಡರ್ 1969ರಲ್ಲಿ ಚಂದ್ರನ ಮೇಲೆ ಇಳಿದಾಗ ಅದರ ಕಾಲುಗಳೊಳಗೆ ಇದ್ದದ್ದೂ ಹೀಗೆ ಜಜ್ಜಿಹೋಗಲೆಂದೇ ಇಟ್ಟ ಅಲ್ಯೂಮಿನಿಯಂ ಜೇನುಗೂಡು.

ಇನ್ನು ಮೊಟ್ಟೆಯನ್ನು ನಿಲ್ಲಿಸಬೇಕೇ, ಮಲಗಿಸಬೇಕೇ? ನಿಲ್ಲಿಸಿದರೆ ಗಟ್ಟಿ ಎಂದು ಮೇಷ್ಟರುಗಳು, ಪುಸ್ತಕಗಳು ಬಹುಕಾಲ ಹೇಳುತ್ತ ಬಂದರು. ಅಮೆರಿಕದ ಎಂಐಟಿ ಸಂಶೋಧಕರು ಇದನ್ನು ನಿಜಕ್ಕೂ ಬೀಳಿಸಿ ನೋಡಿದರು. 2025ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕಾಗಿ 180 ಮೊಟ್ಟೆಗಳನ್ನು ಒಂದು ಸೆಂಟಿಮೀಟರ್ ಆಸುಪಾಸಿನ ಎತ್ತರದಿಂದ ಬೀಳಿಸಲಾಯಿತು. ಎಂಟು ಮಿಲಿಮೀಟರ್ ಎತ್ತರದಿಂದ ನೆಟ್ಟಗೆ ಬಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಡೆದವು. ಮಲಗಿ ಬಿದ್ದವುಗಳಲ್ಲಿ ಶೇಕಡಾ 10ಕ್ಕಿಂತ ಕಡಿಮೆ. ಎರಡೂ ದಿಕ್ಕಿನಲ್ಲಿ ಚಿಪ್ಪು ಒಡೆಯಲು ಬೇಕಾದ ಬಲ ಹೆಚ್ಚುಕಡಿಮೆ ಒಂದೇ. ಆದರೆ ಮಲಗಿದ ಮೊಟ್ಟೆ ಒಡೆಯುವ ಮುನ್ನ ಕೂದಲೆಳೆಯಷ್ಟು ಹೆಚ್ಚು ಬಾಗುತ್ತದೆ, ಅಷ್ಟರಲ್ಲೇ ಹೆಚ್ಚು ಶಕ್ತಿ ಹೀರಿಕೊಳ್ಳುತ್ತದೆ. ಬಲ್ಲವರ ನಂಬಿಕೆಯನ್ನು ಸರಿಪಡಿಸಿದ್ದು ವಾದವಲ್ಲ, ಪ್ರಯೋಗ.

ತಂಡದ ವಿಷಯದಲ್ಲೂ ಸಂಶೋಧನೆ ಹೇಳುವುದು ಇದನ್ನೇ. ಹಸಿ ಸ್ಪಗೆಟಿ ಕಡ್ಡಿ, ಟೇಪು, ದಾರ ಬಳಸಿ 18 ನಿಮಿಷದಲ್ಲಿ ಗೋಪುರ ಕಟ್ಟಿ, ತುದಿಯಲ್ಲಿ ಮಾರ್ಷ್‌ಮೆಲೋ ಎಂಬ ಮೆತ್ತನೆ ಮಿಠಾಯಿ ನಿಲ್ಲಿಸುವ ಆಟವೊಂದಿದೆ. ಪೀಟರ್ ಸ್ಕಿಲ್‌ಮನ್ ರೂಪಿಸಿದ ಈ ಆಟವನ್ನು ಹಲವು ಬಗೆಯ ಗುಂಪುಗಳಿಗೆ ಆಡಿಸಿದ ಟಾಮ್ ವೂಜೆಕ್ 2010ರಲ್ಲಿ ಹೇಳಿದ ಸಂಗತಿ ಗಮನಾರ್ಹ: ಎಂಬಿಎ ವಿದ್ಯಾರ್ಥಿಗಳಿಗಿಂತ ಶಿಶುವಿಹಾರದ ಮಕ್ಕಳು ಎತ್ತರದ ಗೋಪುರ ಕಟ್ಟುತ್ತಾರೆ. ದೊಡ್ಡವರು ಯೋಜನೆ ಹಾಕಿ, ಕಟ್ಟಿ, ಕೊನೇ ನಿಮಿಷದಲ್ಲಿ ಮಿಠಾಯಿ ಇಡುತ್ತಾರೆ, ಗೋಪುರ ಕುಸಿಯುತ್ತದೆ. ಮಕ್ಕಳು ಮೊದಲಿಗೇ ಮಿಠಾಯಿ ಇಟ್ಟು, ಬಿದ್ದರೆ ತಿದ್ದಿ, ಮತ್ತೆ ಕಟ್ಟುತ್ತಾರೆ.

ಯಾರ ಮಾತು ನಡೆಯಬೇಕು ಎಂಬುದು ಮುಂದಿನ ಪ್ರಶ್ನೆ. ಅನಿತಾ ವೂಲಿ ಮತ್ತು ಸಂಗಡಿಗರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 699 ಜನರ ಅಧ್ಯಯನವೊಂದನ್ನು ಪ್ರಕಟಿಸಿದರು. ಎರಡರಿಂದ ಐದು ಜನರ ಗುಂಪುಗಳ ಸಾಧನೆಗೂ ಆ ಗುಂಪಿನ ಅತಿ ಜಾಣರ ಜಾಣತನಕ್ಕೂ ಅಂಥ ಗಟ್ಟಿ ನಂಟು ಕಾಣಲಿಲ್ಲ. ಎಲ್ಲರೂ ಸರದಿಯಂತೆ ಮಾತಾಡಿದ, ಒಬ್ಬರ ಮುಖಭಾವ ಇನ್ನೊಬ್ಬರಿಗೆ ಅರ್ಥವಾಗುತ್ತಿದ್ದ ಗುಂಪುಗಳು ಮುಂದೆ ಬಂದವು. ವೈಯಕ್ತಿಕ ಜಾಣತನದ ಪಾತ್ರ ಎಷ್ಟೆಂಬ ಚರ್ಚೆ ಆಮೇಲೂ ನಡೆದಿದೆ. ಆದರೆ ಒಬ್ಬರೇ ಮಾತಾಡುತ್ತ ಹೋದರೆ ಉಳಿದ ಮೂವರಿಗೆ ಹೊಳೆದದ್ದು ಮೇಜಿಗೆ ಬರುವುದೇ ಇಲ್ಲ ಎಂಬುದು ತಂಡದಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 1958ರಲ್ಲಿ ಪ್ರಕಟವಾದ ಪ್ರಯೋಗವೂ ಇದಕ್ಕೆ ಹೊಂದುತ್ತದೆ. ಒಟ್ಟಿಗೆ ಕೂತು ಯೋಚಿಸಿದ ನಾಲ್ವರಿಗಿಂತ, ಬೇರೆ ಬೇರೆ ಕೂತು ಯೋಚಿಸಿದ ನಾಲ್ವರ ಪಟ್ಟಿಗಳನ್ನು ಸೇರಿಸಿದಾಗಲೇ ಹೆಚ್ಚು ಉಪಾಯಗಳು ಸಿಕ್ಕಿದವು.

ಹಾಗಾದರೆ ಅರ್ಧ ಗಂಟೆಯನ್ನು ಹಂಚಿಕೊಳ್ಳುವುದು ಹೇಗೆ? ಮೊದಲ ನಾಲ್ಕೈದು ನಿಮಿಷ ಯಾರೂ ಮಾತಾಡದೆ ತಮ್ಮ ತಮ್ಮ ಚಿತ್ರ ಬರೆಯಲಿ. ಆಮೇಲೆ ಪ್ರತಿಯೊಬ್ಬರೂ ಒಂದೊಂದು ನಿಮಿಷ ವಿವರಿಸಲಿ. ಹತ್ತನೇ ನಿಮಿಷಕ್ಕೆ ಏನೋ ಒಂದು, ಒರಟಾಗಿದ್ದರೂ ಸರಿ, ಬಾಲ್ಕನಿಯಿಂದ ಕೆಳಗೆ ಬೀಳಲಿ. ಒಬ್ಬರು ಗಡಿಯಾರ ನೋಡಲಿ, ಒಬ್ಬರು ಬರೆದಿಡಲಿ: ಯಾವ ಮೂಲೆ ನೆಲಕ್ಕೆ ತಗುಲಿತು, ಎಷ್ಟು ಜಜ್ಜಿತು, ಮೊಟ್ಟೆ ಎಲ್ಲಿ ಬಿರುಕು ಬಿಟ್ಟಿತು. ಪ್ಯಾಕಿಂಗ್ ಉದ್ಯಮವೂ ಹೀಗೇ ನಡೆಯುತ್ತದೆ. ಐಎಸ್‌ಟಿಎ ಸಂಸ್ಥೆಯ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ ಪೆಟ್ಟಿಗೆಯನ್ನು ಒಂದು ಮೂಲೆ, ಮೂರು ಅಂಚು, ಆರು ಮುಖಗಳ ಮೇಲೆ ಒಟ್ಟು ಹತ್ತು ಸಲ ಬೀಳಿಸುತ್ತಾರೆ.

ಇದು ಮಕ್ಕಳ ಆಟಕ್ಕಷ್ಟೇ ಸಂಬಂಧಿಸಿದ್ದಲ್ಲ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ನೆರೆ ಬಂದಾಗ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಿದ್ಧ ಆಹಾರದ ಪೊಟ್ಟಣಗಳನ್ನು ಅವಸರದಲ್ಲಿ ತಯಾರಿಸಿ ಕಳಿಸಬೇಕಾಯಿತು. ಹಸಿದವರಿಗೆ ತಲುಪುವಾಗ ಪೊಟ್ಟಣ ಒಡೆದಿರಬಾರದು, ಒಳಗಿನ ಅನ್ನ ಹಳಸಿರಬಾರದು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿದ ಮೇಲೆ ಇಸ್ರೋ ತಂಡ ಮುಂದಿನ ಲ್ಯಾಂಡರಿನ ಕಾಲುಗಳನ್ನು ಸೆಕೆಂಡಿಗೆ 3 ಮೀಟರ್ ವೇಗ ತಾಳುವಂತೆ ಬಲಪಡಿಸಿತು, ಚಂದ್ರನ ಮಣ್ಣನ್ನು ಹೋಲುವ ನೆಲದ ಮೇಲೆ ಬಗೆಬಗೆಯಾಗಿ ಪರೀಕ್ಷಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಅಂಥ ಪರೀಕ್ಷೆಗಳ ಬಲದಿಂದ.

ಆದ್ದರಿಂದ ಸ್ಪರ್ಧೆ ನಡೆಸುವ ಶಾಲೆಗಳಿಗೆ ನನ್ನದೊಂದು ಕೋರಿಕೆ. ತಂಡಕ್ಕೆ ಒಂದೇ ಮೊಟ್ಟೆ ಕೊಟ್ಟರೆ ಮಕ್ಕಳು ಅದನ್ನು ಕೊನೆಯವರೆಗೂ ಬೀಳಿಸದೆ ಕಾಪಾಡುತ್ತಾರೆ, ಊಹೆಯ ಮೇಲೆ ಪೆಟ್ಟಿಗೆ ಕಟ್ಟುತ್ತಾರೆ. ಮೂರು ಮೊಟ್ಟೆ ಕೊಡಿ. ಅರ್ಧ ಅಂಕ ಕೊನೆಗೆ ಉಳಿದ ಮೊಟ್ಟೆಗಿರಲಿ, ಉಳಿದರ್ಧ ಒಡೆದ ಮೊಟ್ಟೆಗಳಿಂದ ಕಲಿತದ್ದನ್ನು ಬರೆದಿಟ್ಟದ್ದಕ್ಕಿರಲಿ.